ಅವಮೌದರ್ಯ ತಪವೂ ಗೃಹಸ್ಥನ ದೇಹಾರೋಗ್ಯವೂ

ಜಿನಾಗಮದಲ್ಲಿ ತಪಸ್ಸು ಹನ್ನೆರಡು ಬಗೆಯೆಂದು ಹೇಳಲಾಗಿದೆ. ಅವುಗಳಲ್ಲಿ ಆರು ಬಾಹ್ಯ, ಆರು ಆಭ್ಯಂತರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯತಪಗಳನ್ನು ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಕ್ರಮದಲ್ಲಿ ಎಣಿಸಿದ್ದಾರೆ. ಈ ಆರರಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ನಾಲಗೆಯನ್ನು ಗೆಲ್ಲದೆ ಉಳಿದ ಇಂದ್ರಿಯಗಳನ್ನು ಗೆಲ್ಲುವುದು ಕಠಿಣವೆಂಬುದನ್ನು ನಮ್ಮ ಆಚಾರ್ಯರು ಚೆನ್ನಾಗಿ ಅರಿತಿದ್ದರು.

ಮೊದಲನೆಯದಾದ ಅನಶನಕ್ಕೆ, ಅಂದರೆ ಉಪವಾಸಕ್ಕೆ, ನಮ್ಮ ಮನೆಗಳಲ್ಲಿ ದೊರೆಯುವ ಗೌರವ ಎಲ್ಲರಿಗೂ ತಿಳಿದದ್ದೇ. ಅಷ್ಟಮಿ, ಚತುರ್ದಶಿಗಳ ಉಪವಾಸ, ದಶಲಕ್ಷಣ ಪರ್ವದ ಏಕಾಶನ, ಅನಂತನ ನೋಂಪಿ, ಜೀವದಯಾಷ್ಟಮಿಯ ನೋಂಪಿ ಇವೆಲ್ಲ ಇಂದಿಗೂ ಶ್ರದ್ಧೆಯಿಂದ ನಡೆದುಬರುತ್ತಿವೆ. ಉಪವಾಸ ಮಾಡಿದವರನ್ನು ನೆರೆಹೊರೆಯವರು ಬಂದು ಕುಶಲ ಕೇಳುತ್ತಾರೆ. ಉದ್ಯಾಪನೆಯ ದಿನ ಬಂಧುಬಳಗ ಸೇರುತ್ತದೆ. ಆದರೆ ಎರಡನೆಯದಾದ ಅವಮೌದರ್ಯದ ಹೆಸರನ್ನು ಕೇಳಿದವರೇ ಕಡಿಮೆ. ಆಚರಿಸುವವರು ಇನ್ನೂ ಕಡಿಮೆ. ಅದನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಅದಕ್ಕೆ ಉದ್ಯಾಪನೆಯೂ ಇಲ್ಲ. ಪ್ರತಿದಿನ, ಪ್ರತಿ ಊಟದಲ್ಲಿ, ಹಸಿವು ಪೂರ್ತಿ ಅಡಗುವ ಮೊದಲೇ ಕೈ ತೊಳೆದುಕೊಳ್ಳುವ ಈ ತಪಸ್ಸೇ ಇಂದಿನ ಗೃಹಸ್ಥನಿಗೆ ಅತ್ಯಂತ ಅಗತ್ಯವಾದದ್ದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಇಂದಿನ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಸುತ್ತ ಕೊಬ್ಬು ಮಿತಿಮೀರಿ ಸೇರಿದೆ. ಮದ್ಯ ಮಾಂಸಗಳನ್ನು ಮುಟ್ಟದ, ರಾತ್ರಿಭೋಜನವನ್ನು ತ್ಯಜಿಸಿದ ಮನೆಗಳೂ ಈ ರೋಗಗಳಿಂದ ದೂರವಾಗಿ ಉಳಿದಿಲ್ಲ. ವರ್ಷದಲ್ಲಿ ಹಲವಾರು ಉಪವಾಸಗಳನ್ನು ಮಾಡುವ ಶ್ರಾವಕರಲ್ಲಿಯೂ ಸ್ಥೂಲಕಾಯ, ರಕ್ತದೊತ್ತಡ, ಮಂಡಿನೋವುಗಳು ಕಾಣಿಸುತ್ತಿವೆ. ವ್ರತವಿದ್ದೂ ದೇಹ ಭಾರವಾಗುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವನ್ನು ಹುಡುಕಲು ಆಗಮದ ಅಳತೆಯಿಂದಲೇ ಆರಂಭಿಸಬಹುದು.

ಆಗಮದ ಅಳತೆ

ಪುರುಷನ ಪೂರ್ಣಾಹಾರ 32 ಕವಲ, ಸ್ತ್ರೀಯ ಪೂರ್ಣಾಹಾರ 28 ಕವಲ ಎಂದು ಭಗವತೀ ಆರಾಧನೆಯಲ್ಲಿ ಹೇಳಿದೆ. ಕವಲವೆಂದರೆ ತುತ್ತು. ಮೂಲಾಚಾರದಲ್ಲಿಯೂ ಪುರುಷನಿಗೆ 32 ಕವಲವೆಂಬ ಇದೇ ಅಳತೆಯಿದ್ದು, ಅದರಿಂದ ಒಂದು ತುತ್ತು, ಎರಡು ತುತ್ತು ಎಂದು ಕ್ರಮವಾಗಿ ಕಡಿಮೆ ಮಾಡುತ್ತ ಹೋಗುವುದೇ ಅವಮೌದರ್ಯ. ಇದಕ್ಕೆ ಊನೋದರವೆಂಬ ಹೆಸರೂ ಉಂಟು. ಉದರವನ್ನು ಸ್ವಲ್ಪ ಊನವಾಗಿ, ಅಂದರೆ ಕೊರತೆಯಾಗಿ, ಇಡುವುದು ಎಂದು ಅರ್ಥ. ಒಂದು ತುತ್ತನ್ನು ಬಿಟ್ಟರೂ ಅವಮೌದರ್ಯವೇ. ಆರಂಭಿಸುವವನಿಗೆ ಇದಕ್ಕಿಂತ ಸುಲಭವಾದ ದ್ವಾರವುಳ್ಳ ತಪಸ್ಸು ಇನ್ನೊಂದಿಲ್ಲ.

ಒಂದು ತುತ್ತು ಎಷ್ಟು ದೊಡ್ಡದು? ಸಾವಿರ ಅಕ್ಕಿಕಾಳಿನಷ್ಟು ಎಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಈ ಮಾತನ್ನು ತಕ್ಕಡಿಯಲ್ಲಿಟ್ಟು ನೋಡುವುದು ಸ್ವಾರಸ್ಯಕರವಾಗಿದೆ. ಸಾವಿರ ಅಕ್ಕಿಕಾಳು, ತಳಿಗೆ ತಕ್ಕಂತೆ, ಸುಮಾರು 15ರಿಂದ 20 ಗ್ರಾಂ ತೂಗುತ್ತದೆ. ಅಂತಹ 32 ತುತ್ತಿಗೆ 480ರಿಂದ 640 ಗ್ರಾಂ ಅಕ್ಕಿಯಾಗುತ್ತದೆ. ನೂರು ಗ್ರಾಂ ಅಕ್ಕಿಯಿಂದ ದೇಹಕ್ಕೆ ಸುಮಾರು 350 ಕ್ಯಾಲೊರಿ ಶಕ್ತಿ ದೊರೆಯುವುದರಿಂದ, ಈ ಪೂರ್ಣಾಹಾರದ ಶಕ್ತಿ ಸುಮಾರು 1,700ರಿಂದ 2,200 ಕ್ಯಾಲೊರಿ. ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2,110 ಕ್ಯಾಲೊರಿ, ಸ್ತ್ರೀಗೆ 1,660 ಕ್ಯಾಲೊರಿ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ಎರಡು ಲೆಕ್ಕಗಳೂ ಹತ್ತಿರ ಹತ್ತಿರವಾಗಿ ಬರುತ್ತವೆ. ಇದರಿಂದ ಆಗಮವನ್ನು ವಿಜ್ಞಾನದ ಮೂಲಕ ಸಿದ್ಧಪಡಿಸಬೇಕಾದ ಅಗತ್ಯವೇನೂ ಇಲ್ಲ. ಆದರೆ ಒಂದು ಮುಖ್ಯ ವಿಷಯ ಮನದಟ್ಟಾಗುತ್ತದೆ.

ಆ ವಿಷಯ ಇದು: 32 ಕವಲದ ಅಳತೆ ಹುಟ್ಟಿದ್ದು ಮುನಿಚರ್ಯೆಯಲ್ಲಿ. ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ಥಿತಿಭೋಜನವೂ ಏಕಭುಕ್ತವೂ ಸೇರಿವೆ. ಅವರು ನಿಂತು, ತಮ್ಮ ಕರಪಾತ್ರೆಯಲ್ಲಿಯೇ, ದಿನಕ್ಕೆ ಒಂದೇ ಬಾರಿ ಆಹಾರವನ್ನು ಸ್ವೀಕರಿಸುತ್ತಾರೆ. ಹೊಟ್ಟೆ ತುಂಬ ಎಂಬ ಅಳತೆ ಅವರಿಗೆ ಇಡೀ ದಿನದ ಅಳತೆ. ಗೃಹಸ್ಥನಾದರೋ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ಸೂರ್ಯಾಸ್ತಕ್ಕೆ ಮುನ್ನಿನ ಊಟ ಎಂದು ನಾಲ್ಕು ಬಾರಿ ಕುಳಿತುಕೊಳ್ಳುತ್ತಾನೆ. ನಾಲ್ಕು ಬಾರಿಯೂ ಹೊಟ್ಟೆ ತುಂಬುವವರೆಗೆ ಏಳುವುದಿಲ್ಲ. ಒಂದು ದಿನದ ಅಳತೆಯನ್ನು ಒಂದು ಊಟದ ಅಳತೆಯೆಂದು ತಿಳಿದುಕೊಂಡದ್ದೇ ದೇಹಭಾರದ ಮೂಲಕಾರಣಗಳಲ್ಲಿ ಒಂದು.

ಮೂಲಾಚಾರವು ಉದರವನ್ನು ನಾಲ್ಕು ಭಾಗ ಮಾಡಿ, ಎರಡು ಭಾಗ ಅನ್ನ ವ್ಯಂಜನಗಳಿಗೂ, ಮೂರನೆಯ ಭಾಗ ನೀರಿಗೂ ಕೊಟ್ಟು, ನಾಲ್ಕನೆಯ ಭಾಗವನ್ನು ವಾಯುಸಂಚಾರಕ್ಕಾಗಿ ಖಾಲಿ ಬಿಡಬೇಕೆನ್ನುತ್ತದೆ. ಆಯುರ್ವೇದದ ಅಷ್ಟಾಂಗಹೃದಯದಲ್ಲಿಯೂ ಇಂತಹುದೇ ವಿಭಾಗವಿದೆ. ಹೊಟ್ಟೆ ತುಂಬಿದ ಸೂಚನೆ ಮೆದುಳಿಗೆ ಪೂರ್ಣವಾಗಿ ತಲುಪಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಅವಸರದಲ್ಲಿ ಉಣ್ಣುವವನಿಗೆ ಸಾಕು ಎನ್ನಿಸುವ ಹೊತ್ತಿಗೆ ಆ ನಾಲ್ಕನೆಯ ಭಾಗವೂ ತುಂಬಿಹೋಗಿರುತ್ತದೆ.

ಮುನಿಗಳ ಆಹಾರವಿಧಿಗೆ ಅಕ್ಷಮ್ರಕ್ಷಣವೆಂಬ ಒಂದು ಹೆಸರೂ ಇದೆ. ಬಂಡಿಯ ಅಚ್ಚಿಗೆ ಎಣ್ಣೆ ಸವರುವುದೆಂದು ಇದರ ಅರ್ಥ. ಬಂಡಿಕಾರನು ಅಚ್ಚಿಗೆ ಎಣ್ಣೆಯನ್ನು ಸವರದಿದ್ದರೆ ಬಂಡಿ ದಾರಿಯಲ್ಲಿ ಮುರಿಯುತ್ತದೆ; ಕೊಡಗಟ್ಟಲೆ ಸುರಿದರೆ ಬಂಡಿ ಬೇಗ ಓಡುವುದೂ ಇಲ್ಲ, ಎಣ್ಣೆ ನೆಲದ ಪಾಲಾಗುತ್ತದೆ. ದೇಹವೆಂಬ ಬಂಡಿ ರತ್ನತ್ರಯವೆಂಬ ಸರಕನ್ನು ಹೊತ್ತು ಊರು ಮುಟ್ಟಬೇಕು. ಅದಕ್ಕೆ ಬೇಕಾದಷ್ಟೇ ಆಹಾರ. ದೇಹದಲ್ಲಿ ಹೆಚ್ಚಾದದ್ದು ನೆಲದ ಪಾಲಾಗುವುದಿಲ್ಲ. ಕೊಬ್ಬಾಗಿ ಬಂಡಿಯ ಮೇಲೆಯೇ ಕುಳಿತುಕೊಳ್ಳುತ್ತದೆ ಎಂಬುದಷ್ಟೇ ವ್ಯತ್ಯಾಸ.

ಉಪವಾಸವಿದ್ದೂ ತೂಕ ಇಳಿಯದಿರಲು ಕಾರಣಗಳು

ಮೊದಲನೆಯದಾಗಿ, ಧಾರಣೆ ಪಾರಣೆಗಳ ಅತಿಶಯ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚತುರ್ವಿಧ ಆಹಾರಗಳ ತ್ಯಾಗವನ್ನು ಉಪವಾಸವೆಂದೂ, ಒಂದೇ ಬಾರಿ ಉಣ್ಣುವುದನ್ನು ಪ್ರೋಷಧವೆಂದೂ ವಿವರಿಸಿದ್ದಾರೆ. ಪ್ರೋಷಧೋಪವಾಸದಲ್ಲಿ ಉಪವಾಸದ ಹಿಂದಿನ ದಿನವೂ ಮುಂದಿನ ದಿನವೂ ಏಕಭುಕ್ತವಿರಬೇಕು. ನಮ್ಮಲ್ಲಿಯಾದರೋ ನಾಳೆ ಉಪವಾಸವೆಂದು ಇಂದು ಎರಡು ಪಾಲು ಉಣ್ಣುವುದು, ನಿನ್ನೆ ಉಪವಾಸವಾಗಿತ್ತೆಂದು ಇಂದು ಹೋಳಿಗೆ, ಪಾಯಸ, ಕರಿದ ತಿಂಡಿಗಳನ್ನು ಮಾಡುವುದು ರೂಢಿಯಾಗಿಬಿಟ್ಟಿದೆ. ಉಪವಾಸದಲ್ಲಿ ಉಳಿದ ಆಹಾರ ಪಾರಣೆಯಲ್ಲಿ ಬಡ್ಡಿ ಸಮೇತ ಒಳಗೆ ಹೋಗುತ್ತದೆ. ಇದರಿಂದ ತಪಸ್ಸಿಗೂ ಕುಂದು, ದೇಹಕ್ಕೂ ಕುಂದು.

ಎರಡನೆಯದಾಗಿ, ಕಾಲದ ನಿಯಮವಿದ್ದು ಪ್ರಮಾಣದ ನಿಯಮವಿಲ್ಲದಿರುವುದು. ರಾತ್ರಿಭೋಜನತ್ಯಾಗ ನಮ್ಮ ಕುಲದ ಗುರುತು. ಅದರ ಮುಖ್ಯ ಪ್ರಯೋಜನ ಜೀವದಯೆ, ಇದನ್ನು ಮರೆಯಬಾರದು. ದೇಹಕ್ಕೂ ಅದರಿಂದ ಒಳಿತುಂಟು. ಮಧುಮೇಹದ ಹೊಸ್ತಿಲಲ್ಲಿದ್ದ ಎಂಟು ಮಂದಿ ಪುರುಷರಿಗೆ ದಿನದ ಪೂರ್ವಭಾಗದ ಆರು ಗಂಟೆಗಳಲ್ಲಿಯೇ ಎಲ್ಲ ಆಹಾರವನ್ನೂ ಕೊಟ್ಟು ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಅವರ ತೂಕ ಇಳಿಯದಂತೆ ನೋಡಿಕೊಂಡಿದ್ದರೂ ಇನ್ಸುಲಿನ್ ಹೆಚ್ಚು ಪರಿಣಾಮಕಾರಿಯಾಗಿ ಕೆಲಸ ಮಾಡಿತು, ರಕ್ತದೊತ್ತಡವೂ ತಗ್ಗಿತು. ಪ್ರಯೋಗ ಚಿಕ್ಕದು, ಆದರೂ ಗಮನಾರ್ಹವಾದದ್ದು. ಇದರ ಜೊತೆಗೆ ಇನ್ನೊಂದು ಪ್ರಯೋಗವನ್ನೂ ನೋಡಬೇಕು. ಚೀನಾದ ಗ್ವಾಂಗ್‌ಝೌ ನಗರದಲ್ಲಿ 139 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಆಹಾರದ ಪ್ರಮಾಣವನ್ನು ಒಂದೇ ರೀತಿ ಕಡಿಮೆ ಮಾಡಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಉಣ್ಣಬೇಕೆಂಬ ನಿಯಮವನ್ನು ಸೇರಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಕೊನೆಯಲ್ಲಿ ಕಾಲದ ನಿಯಮವಿದ್ದವರು ಸರಾಸರಿ 8 ಕಿಲೋ, ಇಲ್ಲದವರು 6.3 ಕಿಲೋ ಇಳಿದಿದ್ದರು. ಈ ಅಂತರ ಗಣನೆಗೆ ತೆಗೆದುಕೊಳ್ಳುವಷ್ಟು ದೊಡ್ಡದಲ್ಲವೆಂದು ಸಂಶೋಧಕರು ತೀರ್ಮಾನಿಸಿದರು. ತೂಕವನ್ನು ಇಳಿಸಿದ್ದು ಮುಖ್ಯವಾಗಿ ಪ್ರಮಾಣದ ಮಿತಿಯೇ. ಹಗಲಿನಲ್ಲಿಯೇ ಉಂಡರೂ ಅತಿಯಾಗಿ ಉಂಡರೆ ದೇಹ ಬೆಳೆಯುತ್ತದೆ ಎಂಬುದು ಇದರ ತಾತ್ಪರ್ಯ.

ಮೂರನೆಯದಾಗಿ, ತ್ಯಜಿಸಿದ್ದರ ಜಾಗಕ್ಕೆ ಬಂದು ಕೂಡುವ ಪದಾರ್ಥಗಳು. ಪರ್ವದಿನಗಳಲ್ಲಿ ಹಸಿರು ಕಾಯಿಪಲ್ಯಗಳನ್ನು ಬಿಡುವ ಮನೆಗಳಲ್ಲಿ ಆ ಸ್ಥಾನವನ್ನು ಕರಿದ ಹಪ್ಪಳ, ಸಂಡಿಗೆ, ಚಕ್ಕುಲಿ, ಕೋಡುಬಳೆಗಳು ಆಕ್ರಮಿಸುತ್ತವೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಅದನ್ನು ಕರಗಿಸಲು ಸಾಧಾರಣ ಮೈಕಟ್ಟಿನವನು ಅರ್ಧ ಗಂಟೆಗೂ ಮಿಕ್ಕಿ ನಡೆಯಬೇಕಾಗುತ್ತದೆ. ತ್ಯಾಗವೆಂಬುದು ನಾಲಗೆಯ ಆಸೆಯನ್ನು ಕುಗ್ಗಿಸಬೇಕೇ ಹೊರತು ಅದಕ್ಕೆ ಬೇರೊಂದು ದಾರಿಯನ್ನು ತೆರೆದುಕೊಡಬಾರದು.

ನಾಲ್ಕನೆಯದಾಗಿ, ಅಡಿಗೆಮನೆಯ ಪರಿಸ್ಥಿತಿ. ಸೂರ್ಯಾಸ್ತಕ್ಕೆ ಮುನ್ನ ಎಲ್ಲರಿಗೂ ಬಡಿಸಿ ಮುಗಿಸಬೇಕಾದ ಗೃಹಿಣಿ ಕೊನೆಯಲ್ಲಿ ಅವಸರ ಅವಸರವಾಗಿ ಉಣ್ಣುತ್ತಾಳೆ. ರಾತ್ರಿಗೆ ಇಡುವಂತಿಲ್ಲ, ಚೆಲ್ಲಲು ಮನಸ್ಸು ಬಾರದು; ಆದ್ದರಿಂದ ಪಾತ್ರೆಯಲ್ಲಿ ಉಳಿದದ್ದೆಲ್ಲ ಅವಳ ತಟ್ಟೆಗೆ ಬರುತ್ತದೆ. ಅನ್ನವನ್ನು ವ್ಯರ್ಥ ಮಾಡಬಾರದೆಂಬ ಸದ್ಭಾವನೆಯೇ ಹೀಗೆ ಅವಳ ದೇಹಕ್ಕೆ ಭಾರವಾಗುತ್ತದೆ. ಇದು ಅವಳೊಬ್ಬಳ ದೋಷವಲ್ಲ, ಮನೆಯ ವ್ಯವಸ್ಥೆಯ ದೋಷ. ಅವಮೌದರ್ಯವು ತಟ್ಟೆಯಲ್ಲಿ ಅಲ್ಲ, ಅಕ್ಕಿಯನ್ನು ಅಳೆಯುವ ಪಾವಿನಲ್ಲಿಯೇ ಆರಂಭವಾಗಬೇಕು. ಸಂಜೆಯ ಅಡಿಗೆಯ ಕೆಲಸದಲ್ಲಿ ಮನೆಯ ಪುರುಷರೂ ಮಕ್ಕಳೂ ಕೈಜೋಡಿಸಿ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವಂತಾಗಬೇಕು.

ದಿನಚರಿಯಲ್ಲಿ ಆಚರಿಸುವ ವಿಧಾನ

ರತ್ನಕರಂಡಕದಲ್ಲಿ ತ್ಯಾಗವನ್ನು ಯಮ, ನಿಯಮವೆಂದು ಎರಡು ಬಗೆಯಾಗಿ ಹೇಳಿದೆ. ಜೀವನಪರ್ಯಂತ ಹಿಡಿದದ್ದು ಯಮ. ಕಾಲಮಿತಿಯಿಂದ ಹಿಡಿದದ್ದು ನಿಯಮ. ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಭೋಜನ, ವಾಹನ, ಶಯನ ಮೊದಲಾದವುಗಳಿಗೆ ಮಿತಿ ಹಾಕಿಕೊಳ್ಳಬಹುದೆಂದು ಆಚಾರ್ಯರು ದಾರಿ ತೋರಿಸಿದ್ದಾರೆ. ದೇಹದ ಭಾರವನ್ನು ಇಳಿಸಿಕೊಳ್ಳಬೇಕೆನ್ನುವವನಿಗೆ ಇದಕ್ಕಿಂತ ವಿವೇಕದ ಉಪದೇಶ ಬೇಕಿಲ್ಲ. ಜನ್ಮವಿಡೀ ಸಿಹಿ ಮುಟ್ಟುವುದಿಲ್ಲವೆಂದು ಹಟ ಹಿಡಿದು ವಾರದಲ್ಲಿಯೇ ಮುರಿಯುವುದಕ್ಕಿಂತ, ಒಂದು ಪಕ್ಷದ ನಿಯಮವನ್ನು ಹಿಡಿದು ಪೂರೈಸಿ, ಮತ್ತೆ ಮುಂದಿನ ಪಕ್ಷಕ್ಕೆ ಹಿಡಿಯುವುದು ಮೇಲು. ಹೀಗೆ ಆಚರಿಸಬಹುದಾದ ಆರು ನಿಯಮಗಳನ್ನು ಕೆಳಗೆ ಕೊಟ್ಟಿದೆ.

1. ತುತ್ತಿನ ನಿಯಮ. ಮೊದಲ ಪಕ್ಷದಲ್ಲಿ ಪ್ರತಿ ಊಟದಲ್ಲಿ ಎರಡು ತುತ್ತು, ಎರಡನೆಯ ಪಕ್ಷದಲ್ಲಿ ನಾಲ್ಕು ತುತ್ತು ಕಡಿಮೆ ಮಾಡಬೇಕು. 32ರಲ್ಲಿ ನಾಲ್ಕು ತುತ್ತೆಂದರೆ ಎಂಟನೆಯ ಒಂದು ಭಾಗ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವನಿಗೆ ಇದು 250 ಕ್ಯಾಲೊರಿಯ ಉಳಿತಾಯ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ, ಮೊದಮೊದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಕಿಲೋ ಇಳಿಯುತ್ತದೆ. ದೇಹ ಹಗುರವಾದಂತೆ ಈ ವೇಗ ತಗ್ಗುವುದು ಸ್ವಾಭಾವಿಕ, ಅದಕ್ಕಾಗಿ ನಿರಾಶರಾಗಬಾರದು. ತುತ್ತನ್ನು ಚೆನ್ನಾಗಿ ಅಗಿದು, ಮೌನದಿಂದ ಉಣ್ಣುವುದು ಈ ನಿಯಮಕ್ಕೆ ಸಹಾಯಕ. ಊಟದ ವೇಳೆಯ ಮೌನ ನಮ್ಮಲ್ಲಿ ಹಿಂದಿನಿಂದಲೂ ಬಂದದ್ದೇ. ಈಗ ಅದರ ಜೊತೆಗೆ ದೂರದರ್ಶನದ ಪರದೆಗೂ ಕೈಫೋನಿಗೂ ಮೌನವನ್ನು ಕಲಿಸಬೇಕಾಗಿದೆ.

2. ಕಾಲದ ನಿಯಮ. ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆ ಆಹಾರವನ್ನು ಆರಂಭಿಸಿ, ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುನ್ನ ಮುಗಿಸುವುದು ಉತ್ತಮ ಪಕ್ಷ. ಎರಡು ಗಳಿಗೆಯೆಂದರೆ 48 ನಿಮಿಷ. ಈ ನಡುವೆ ಎರಡು ಅಥವಾ ಮೂರು ಬಾರಿ ಮಾತ್ರ ಆಹಾರ, ಉಳಿದ ವೇಳೆಯಲ್ಲಿ ಗಾಳಿಸಿದ ನೀರು ಎಂದು ಗೊತ್ತುಮಾಡಿಕೊಳ್ಳಬೇಕು. ನಡುನಡುವೆ ಬಾಯಾಡಿಸುವ ಅಭ್ಯಾಸವೇ ಲೆಕ್ಕಕ್ಕೆ ಸಿಗದ ಆಹಾರ.

3. ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು ಇವು ಆರು ರಸಗಳು. ವಾರದ ಒಂದೊಂದು ದಿನ ಒಂದೊಂದನ್ನು ಬಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಭಾನುವಾರ ಉಪ್ಪನ್ನೂ ಶನಿವಾರ ಎಣ್ಣೆಯನ್ನೂ ತ್ಯಜಿಸುವವರುಂಟು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯಿರಬೇಕೆಂದೂ, ಸಕ್ಕರೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಚಿಕ್ಕ ಚಮಚ ಸಕ್ಕರೆ ಹಾಕಿದ ಕಾಫಿಯನ್ನು ದಿನಕ್ಕೆ ನಾಲ್ಕು ಬಾರಿ ಕುಡಿದರೆ ಅದರಿಂದಲೇ 40 ಗ್ರಾಂ ಆಯಿತು. ವಾರಕ್ಕೊಂದು ದಿನ ಬಿಟ್ಟು ಉಳಿದ ಆರು ದಿನ ಮಿತಿಮೀರುವುದು ತ್ಯಾಗವಲ್ಲ. ಬಿಟ್ಟ ದಿನ ನಾಲಗೆ ಕಲಿತ ಪಾಠವನ್ನು ಉಳಿದ ದಿನಗಳಿಗೂ ವಿಸ್ತರಿಸಬೇಕು.

4. ಪದಾರ್ಥಗಳ ಎಣಿಕೆ. ಮುನಿಗಳು ಆಹಾರಕ್ಕೆ ಹೊರಡುವ ಮುನ್ನ ಇಷ್ಟೇ ಮನೆ, ಇಂತಹುದೇ ವಿಧಿ ಎಂದು ಸಂಕಲ್ಪ ಮಾಡುವುದು ವೃತ್ತಿಪರಿಸಂಖ್ಯಾನ. ಗೃಹಸ್ಥನು ಇದರ ಅಂಶವಾಗಿ, ಊಟಕ್ಕೆ ಕೂಡುವ ಮುನ್ನವೇ ಇಂದು ಇಷ್ಟು ಪದಾರ್ಥ, ಎರಡನೆಯ ಬಾರಿ ಬಡಿಸಿಕೊಳ್ಳುವುದಿಲ್ಲ ಎಂದು ನಿಶ್ಚಯಿಸಬಹುದು. ತಟ್ಟೆಯ ಅರ್ಧ ಭಾಗ ಹೀರೆ, ಪಡವಲ, ಸೋರೆ, ಬೆಂಡೆ, ತೊಂಡೆ ಮೊದಲಾದ ಕಾಯಿಪಲ್ಯ, ಕಾಲು ಭಾಗ ಹೆಸರು, ತೊಗರಿ, ಹುರುಳಿಗಳ ಬೇಳೆಕಾಳು, ಉಳಿದ ಕಾಲು ಭಾಗದಲ್ಲಿ ಅನ್ನ, ಜೋಳದ ರೊಟ್ಟಿ ಅಥವಾ ರಾಗಿ ಇದ್ದರೆ ಹಸಿವು ಬೇಗ ಅಡಗುತ್ತದೆ. ಹಸಿರು ಬಿಡುವ ಪರ್ವದಿನಗಳಲ್ಲಿ ಆ ಭಾಗವನ್ನು ಬೇಳೆಕಾಳಿನ ಪಲ್ಯ, ಸಾರುಗಳಿಂದ ತುಂಬಿಸಬೇಕು, ಬಾಣಲೆಯಿಂದಲ್ಲ. ಬೇಳೆಕಾಳಿನಲ್ಲಿರುವ ಸಸಾರಜನಕವು ತೂಕ ಇಳಿಯುವಾಗ ಮಾಂಸಖಂಡಗಳು ಕ್ಷೀಣಿಸದಂತೆ ಕಾಪಾಡಲು ಬೇಕೇ ಬೇಕು.

5. ವಾಹನದ ನಿಯಮ. ವಾಹನಕ್ಕೂ ಮಿತಿ ಹಾಕಿಕೊಳ್ಳಬೇಕೆಂದ ಆಚಾರ್ಯರ ಮಾತು ಇಂದಿಗೆ ಎಷ್ಟು ಸಲ್ಲುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸದಿಗೆ ಹೋಗುವಾಗ ವಾಹನವನ್ನು ಬಳಸುವುದಿಲ್ಲ, ಒಂದು ಮೈಲಿಯೊಳಗಿನ ಕೆಲಸಕ್ಕೆ ಸ್ಕೂಟರನ್ನು ಹೊರತೆಗೆಯುವುದಿಲ್ಲ ಎಂದು ಮಾಸದ ನಿಯಮವನ್ನು ಹಿಡಿಯಬಹುದು. ವಾರಕ್ಕೆ ಕನಿಷ್ಠ 150 ನಿಮಿಷ, ಸಾಧ್ಯವಾದರೆ 300 ನಿಮಿಷ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಚುರುಕು ಎಂಬುದಕ್ಕೆ ಸುಲಭದ ಗುರುತಿದೆ: ನಡೆಯುತ್ತ ಮಾತನಾಡಲು ಸಾಧ್ಯವಿರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಅಂತಹ ನಡಿಗೆಯಲ್ಲಿಯೂ ದೃಷ್ಟಿ ನೆಲದ ಮೇಲಿರಲಿ. ಜೀವಿಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಅಭ್ಯಾಸವೂ ಅದರೊಡನೆ ಆಗುತ್ತದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪರಿಸರದಲ್ಲಿ ಹುಟ್ಟಿದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಐವತ್ತು ದಾಟಿದ ವಯಸ್ಸಿನಲ್ಲಿ, 1927-28ರಲ್ಲಿ, ಸಂಘಸಮೇತರಾಗಿ ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೆ ಕಾಲ್ನಡಿಗೆಯಲ್ಲಿಯೇ ವಿಹರಿಸಿದರು. ದಿನಕ್ಕೊಂದೇ ಆಹಾರ, ನಡುನಡುವೆ ಉಪವಾಸ, ಮತ್ತೆ ನಡಿಗೆ. ಮಿತಾಹಾರದಿಂದ ಕಾಲಿನ ಬಲ ಕುಗ್ಗುತ್ತದೆನ್ನುವವರು ಇದನ್ನು ನೆನೆಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ವರ್ಷಕ್ಕೊಮ್ಮೆ ತಾನೇ ಏರಿ ದರ್ಶನ ಮಾಡುವ ಶಕ್ತಿಯನ್ನು ಉಳಿಸಿಕೊಳ್ಳುವೆನೆಂಬ ಗುರಿಯೂ ಒಳ್ಳೆಯದೇ. ಹಿಂದೆ ಬೀಸುವುದು, ಕುಟ್ಟುವುದು, ನೀರು ಸೇದುವುದು ದೇಹಕ್ಕೆ ಶ್ರಮ ಕೊಡುತ್ತಿದ್ದವು. ಅವು ಯಂತ್ರಗಳ ಪಾಲಾದ ಮೇಲೆ, ವಾರದಲ್ಲಿ ಎರಡು ದಿನವಾದರೂ ತೋಳು ತೊಡೆಗಳಿಗೆ ಬಲ ಬರುವ ವ್ಯಾಯಾಮವನ್ನು ಬೇರೆಯಾಗಿಯೇ ಮಾಡಬೇಕು. ಕೈ ಊರದೆ ನೆಲದಿಂದ ಏಳುವ ಅಭ್ಯಾಸವೂ ಅದರಲ್ಲಿ ಒಂದು.

6. ನಿದ್ರೆಯ ನಿಯಮ. ಸಂಜೆಯೇ ಊಟ ಮುಗಿಸಿದವನು ನಡುರಾತ್ರಿಯವರೆಗೆ ಎಚ್ಚರವಿದ್ದರೆ ಮತ್ತೆ ಹಸಿಯುವುದು ಸಹಜ. ನಿದ್ರೆ ಕಡಿಮೆಯಾದರೆ ಮರುದಿನ ಹಸಿವೂ ಸಿಹಿಯ ಮೇಲಿನ ಆಸೆಯೂ ಹೆಚ್ಚುತ್ತವೆ. ಸಾಯಂಕಾಲದ ಸಾಮಾಯಿಕ, ಸ್ವಾಧ್ಯಾಯಗಳ ನಂತರ ಬೇಗನೆ ಮಲಗಿ ಏಳೆಂಟು ಗಂಟೆ ನಿದ್ರಿಸಿ ಬೇಗನೆ ಏಳುವುದು ರಾತ್ರಿಭೋಜನತ್ಯಾಗಕ್ಕೆ ಬೇಲಿ ಹಾಕಿದಂತೆ.

ಫಲವನ್ನು ಅಳೆಯುವ ಬಗೆ

ಪ್ರತಿದಿನ ತಕ್ಕಡಿಯ ಮೇಲೆ ನಿಂತು ಚಿಂತಿಸುವುದು ಬೇಡ. ಪಕ್ಷಕ್ಕೊಮ್ಮೆ ನೋಡಿದರೆ ಸಾಕು. ತೂಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ತಿಳಿಸುತ್ತದೆ. ಭಾರತೀಯರಲ್ಲಿ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ವಹಿಸಬೇಕು. ತೂಕ ಹೆಚ್ಚು ಇಳಿಯದಿದ್ದರೂ ನಿಯಮ ವ್ಯರ್ಥವಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದ ಮಿತಿಯನ್ನೂ ನಡಿಗೆಯನ್ನೂ ಅಳವಡಿಸಿಕೊಂಡವರಲ್ಲಿ ಮಧುಮೇಹ ಬರುವ ಸಂಭವ ನೂರಕ್ಕೆ 28.5ರಷ್ಟು ತಗ್ಗಿತು, ಅವರ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಆಗಿರದಿದ್ದರೂ ಈ ಫಲ ದೊರೆಯಿತು. ಕಣ್ಣಿಗೆ ಕಾಣದ ನಿರ್ಜರೆಯಂತೆಯೇ ಕಣ್ಣಿಗೆ ಕಾಣದ ಆರೋಗ್ಯವೂ ಉಂಟು.

ಶಕ್ತಿತಸ್ತಪ: ಯಾರು ಎಚ್ಚರವಾಗಿರಬೇಕು

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ತಪಸ್ಸು ಮಾಡಬೇಕೆಂಬುದು ಇದರ ಭಾವ. ಈ ಎರಡನೆಯ ಅಂಶವನ್ನು ಮರೆತುದರಿಂದ ಅನಾಹುತಗಳಾಗುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯನ್ನು ಇಳಿಸುವ ಮಾತ್ರೆ ಸೇವಿಸುವವರು ಔಷಧದ ಪ್ರಮಾಣವನ್ನು ಬದಲಿಸದೆ ಉಪವಾಸವಿದ್ದರೆ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರುವುದು, ಕೈ ನಡುಗುವುದು, ಕಣ್ಣು ಕತ್ತಲೆ ಬರುವುದು, ಮಾತು ತೊದಲುವುದು ಇವು ಅದರ ಲಕ್ಷಣಗಳು. ಆಗ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತ ಮುರಿಯಿತೆಂದು ಮನೆಯವರು ಹಿಂಜರಿಯಬಾರದು. ಪ್ರಾಣರಕ್ಷಣೆಯ ನಂತರ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ತೆಗೆದುಕೊಳ್ಳುವ ದಾರಿ ಸದಾ ತೆರೆದಿದೆ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡ ಅಥವಾ ಹೃದಯದ ರೋಗವುಳ್ಳವರು, ಈಗಾಗಲೇ ಕೃಶರಾದ ವೃದ್ಧರು ವೈದ್ಯರನ್ನು ಕೇಳದೆ ಆಹಾರವನ್ನು ಕಡಿತಗೊಳಿಸಬಾರದು. ಇಂತಹವರಿಗೆ ರಸಪರಿತ್ಯಾಗ, ಪದಾರ್ಥಗಳ ಎಣಿಕೆ, ಸ್ವಾಧ್ಯಾಯ ಮೊದಲಾದ ಅನೇಕ ದಾರಿಗಳಿವೆ. ಮದುವೆಗೆ ಮುನ್ನ ತೆಳ್ಳಗಾಗಬೇಕೆಂದು ಉಪವಾಸದ ನೆವದಲ್ಲಿ ಊಟವನ್ನೇ ಬಿಡುವ ಹರೆಯದ ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರು ವಿಶೇಷ ಗಮನವಿಡಬೇಕು. ಅದು ತಪಸ್ಸೂ ಅಲ್ಲ, ಆರೋಗ್ಯವೂ ಅಲ್ಲ.

ಆಶಯದ ಶುದ್ಧಿ

ಇಲ್ಲಿ ಒಂದು ಸಂದೇಹ ಬರಬಹುದು. ದೇಹದ ಲಾಭಕ್ಕಾಗಿ ತಪಸ್ಸು ಮಾಡುವುದು ನಿದಾನಶಲ್ಯವಾಗುವುದಿಲ್ಲವೇ? ಶಲ್ಯರಹಿತನಾದವನೇ ವ್ರತಿ ಎಂದು ತತ್ತ್ವಾರ್ಥಸೂತ್ರ ಹೇಳುತ್ತದಲ್ಲವೇ? ಸಂದೇಹ ಯೋಗ್ಯವಾದದ್ದೇ. ಬಲಕ್ಕಾಗಿ, ಆಯುಷ್ಯಕ್ಕಾಗಿ, ರುಚಿಗಾಗಿ, ಮೈ ತುಂಬಿಕೊಳ್ಳುವುದಕ್ಕಾಗಿ, ಕಾಂತಿಗಾಗಿ ಅಲ್ಲದೆ ಜ್ಞಾನ, ಸಂಯಮ, ಧ್ಯಾನಗಳಿಗಾಗಿ ಮುನಿಯು ಉಣ್ಣುತ್ತಾನೆಂದು ಮೂಲಾಚಾರ ಸ್ಪಷ್ಟಪಡಿಸಿದೆ. ಉಣ್ಣುವುದಕ್ಕೆ ಯಾವ ಉದ್ದೇಶವೋ ಉಣ್ಣದಿರುವುದಕ್ಕೂ ಅದೇ ಉದ್ದೇಶವಿರಬೇಕು.

ರೈತನು ಬಿತ್ತುವುದು ಭತ್ತಕ್ಕಾಗಿ. ಹುಲ್ಲು ತಾನಾಗಿಯೇ ಬರುತ್ತದೆ. ಹುಲ್ಲು ಬಂದಿತೆಂದು ಅವನು ಅದನ್ನು ಸುಡುವುದಿಲ್ಲ, ಹುಲ್ಲಿಗಾಗಿಯೇ ಉಳುವುದೂ ಇಲ್ಲ. ಇಂದ್ರಿಯಜಯ, ಕರ್ಮನಿರ್ಜರೆ ಇವು ಭತ್ತ. ಹಗುರವಾದ ಮೈ, ನೋವಿಲ್ಲದ ಮಂಡಿ, ಔಷಧಿಯ ಖರ್ಚಿನ ಉಳಿತಾಯ ಇವು ಹುಲ್ಲು. ಅವಮೌದರ್ಯವನ್ನು ಆಚರಿಸುವವನಿಗೆ ಎರಡೂ ದೊರೆಯುತ್ತವೆ. ಹೊಟ್ಟೆ ಭಾರವಾದವನಿಗೆ ಸಾಮಾಯಿಕದಲ್ಲಿ ತೂಕಡಿಕೆ, ಸ್ವಾಧ್ಯಾಯದಲ್ಲಿ ಆಲಸ್ಯ. ಎರಡು ಗಳಿಗೆ ಕಾಲು ಮಡಿಸಿ ಕೂಡಲಾರದವನಿಗೆ ಧ್ಯಾನವೆಲ್ಲಿಂದ ಬರಬೇಕು? ಪ್ರಮಾದವನ್ನು ಗೆಲ್ಲುವುದಕ್ಕಾಗಿಯೇ ಊನೋದರವೆಂಬುದನ್ನು ನೆನಪಿಟ್ಟುಕೊಂಡರೆ ಆಶಯ ಕೆಡುವುದಿಲ್ಲ.

ಇದರಲ್ಲಿ ಬಂಧುಗಳ ಕರ್ತವ್ಯವೂ ಒಂದಿದೆ. ಒಬ್ಬನು ಸಾಕೆಂದು ಕೈ ಅಡ್ಡ ಹಿಡಿದಾಗ, ಇನ್ನೊಂದೇ ಹೋಳಿಗೆ ಎಂದು ಒತ್ತಾಯ ಮಾಡುವುದನ್ನು ನಾವು ಸತ್ಕಾರವೆಂದು ತಿಳಿದಿದ್ದೇವೆ. ನಿಯಮ ಹಿಡಿದವನ ನಿಯಮ ಉಳಿಯುವಂತೆ ನೋಡಿಕೊಳ್ಳುವುದೇ ನಿಜವಾದ ಸತ್ಕಾರ. ಅವನು ಬಿಟ್ಟ ತುತ್ತಿನ ಬೆಲೆಯನ್ನು ಹಸಿದವರಿಗೆ ಆಹಾರದಾನವಾಗಿ ಸಲ್ಲಿಸಿದರೆ ತ್ಯಾಗ ಮತ್ತು ದಾನಗಳೆರಡೂ ಒಂದೇ ಪಂಕ್ತಿಯಲ್ಲಿ ನೆರವೇರಿದಂತಾಗುತ್ತದೆ.

ಪಾಠದ ಸಾರ

ಉಪವಾಸ ಪರ್ವದ ತಪಸ್ಸು; ಅವಮೌದರ್ಯ ಪ್ರತಿದಿನದ ತಪಸ್ಸು. ಪ್ರಮಾಣದ ಮಿತಿಯಿಲ್ಲದ ಕಾಲದ ಮಿತಿ ಅಪೂರ್ಣ. ನಿಯಮ ಚಿಕ್ಕದಿರಲಿ, ಅವಧಿ ಗೊತ್ತಿರಲಿ, ಹಿಡಿದದ್ದು ಮುರಿಯದಿರಲಿ. ಶಕ್ತಿಯನ್ನು ಬಚ್ಚಿಡುವುದೂ ಬೇಡ, ಮೀರುವುದೂ ಬೇಡ.

ಮನನಕ್ಕಾಗಿ ಪ್ರಶ್ನೆಗಳು

1. ಬಾಹ್ಯತಪಗಳಲ್ಲಿ ಆಹಾರಕ್ಕೆ ಸಂಬಂಧಿಸಿದವು ಯಾವುವು?

2. ಪೂರ್ಣಾಹಾರದ ಕವಲಗಳೆಷ್ಟು? ಆ ಅಳತೆಯನ್ನು ದಿನಕ್ಕೆ ನಾಲ್ಕು ಬಾರಿ ಉಣ್ಣುವ ಗೃಹಸ್ಥನು ಹೇಗೆ ಅರ್ಥ ಮಾಡಿಕೊಳ್ಳಬೇಕು?

3. ಯಮಕ್ಕೂ ನಿಯಮಕ್ಕೂ ಇರುವ ಭೇದವೇನು? ಮುಂಬರುವ ಪಕ್ಷಕ್ಕೆ ನಿಮ್ಮ ಮನೆಯಲ್ಲಿ ಯಾವ ನಿಯಮವನ್ನು ಹಿಡಿಯಬಹುದು?

4. ಧಾರಣೆ ಪಾರಣೆಗಳ ದಿನ ನಿಮ್ಮ ಮನೆಯ ಅಡಿಗೆ ಏಕಭುಕ್ತದ ಆಶಯಕ್ಕೆ ಹೊಂದುತ್ತದೆಯೇ?

5. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಊಟಕ್ಕೆ ಸಾಕಷ್ಟು ಸಮಯ ದೊರೆಯುವಂತೆ ಉಳಿದವರು ಏನು ಮಾಡಬೇಕು?

ಸರ್ವರಿಗೂ ನಿರೋಗವಾದ ದೇಹವೂ ನಿರ್ಮಲವಾದ ಪರಿಣಾಮವೂ ದೊರೆಯಲಿ. ವರ್ಧತಾಂ ಜಿನಶಾಸನಮ್.